ಬಡಗಣ ಬಾಗಿಲು: ಮುದುಮಲೆ ಕಾಡಿನ ಚರಿತ್ರೆ

ಕೆತ್ತಿಯ ಕಣಿವೆಯಲ್ಲಿ ನಿಂತು ನೋಡುವವನಿಗೆ ಬಡಗಣ ದಿಕ್ಕು ಕಾಣುವುದಿಲ್ಲ. ದೊಡ್ಡಬೆಟ್ಟವು ತನ್ನ 2637 ಮೀಟರುಗಳ ಎತ್ತರದಿಂದ ಆ ದಿಕ್ಕನ್ನು ಮುಚ್ಚಿ ನಿಂತಿದೆ. ಆದರೂ ಹಟ್ಟಿಯ ಹಿರಿಯರನ್ನು ನಿಮ್ಮ ಪೂರ್ವಿಕರು ಎಲ್ಲಿಂದ ಬಂದವರೆಂದು ಕೇಳಿದರೆ ಅವರ ಕೈ ಆ ಬೆಟ್ಟದ ಆಚೆಗೇ ಏಳುತ್ತದೆ. ಬಡಗರೆಂಬ ಹೆಸರೇ ಅದಕ್ಕೆ ಸಾಕ್ಷಿ. ಬಡಗಲಿಂದ ಬಂದವರು ಬಡಗರು. ಬಡಗಲಿನಲ್ಲಿ ಮೊದಲು ಸಿಕ್ಕುವುದು ಊರಲ್ಲ, ಕಾಡು. ದೊಡ್ಡಬೆಟ್ಟದ ಆಚೆಗೆ ನೆಲವು ಕಡಿದಾಗಿ ಇಳಿದು, ಸೀಗೂರಿನ ಬಯಲಾಗಿ, ಮುದುಮಲೆಯ ಕಾಡಾಗಿ, ಮೋಯಾರಿನ ಕಮರಿಯಾಗಿ, ಅದರಾಚೆ ಬಂಡೀಪುರವಾಗಿ ಗುಂಡ್ಲುಪೇಟೆಯ ಹೊಲಗಳವರೆಗೆ ಹಬ್ಬಿದೆ. ಇಂದು ನಾವು ಅದನ್ನು ಅಭಯಾರಣ್ಯವೆಂದೂ ಹುಲಿಗಳ ರಕ್ಷಿತ ಪ್ರದೇಶವೆಂದೂ ಕರೆಯುತ್ತೇವೆ. ನಮ್ಮ ಹಿಂದಿನವರಿಗೆ ಅದು ಬಾಗಿಲಾಗಿತ್ತು.

ಮುದುಮಲೆಯನ್ನು ಕುರಿತು ಪ್ರವಾಸಿಗಳು ಬರೆದುದು ಬಹಳ, ಪ್ರಾಣಿಶಾಸ್ತ್ರಜ್ಞರು ಬರೆದುದೂ ಬಹಳ. ಆನೆ ಎಷ್ಟು, ಹುಲಿ ಎಷ್ಟು ಎಂಬ ಲೆಕ್ಕ ಎಲ್ಲರಿಗೂ ದೊರೆಯುತ್ತದೆ. ಆದರೆ ಆ ಕಾಡಿಗೆ ಮನುಷ್ಯರ ಚರಿತ್ರೆಯೂ ಒಂದು ಉಂಟು, ಅದರಲ್ಲಿ ಕನ್ನಡಕ್ಕೆ ದೊಡ್ಡ ಪಾಲೂ ಉಂಟು ಎಂಬುದು ಗಡಿನಾಡಿನ ನಮಗೇ ಮರೆತುಹೋಗುತ್ತಿದೆ. ಆ ಚರಿತ್ರೆಯ ಎಳೆಗಳನ್ನು ಒಂದೆಡೆ ಕೂಡಿಸಿ ಉಪಾಧ್ಯಾಯ ಮಿತ್ರರ ಮುಂದಿಡುವುದಷ್ಟೇ ಈ ಲೇಖನದ ಉದ್ದೇಶ.

ಮೊದಲು ನೆಲದ ಸ್ವರೂಪವನ್ನು ಅರಿತುಕೊಳ್ಳೋಣ. ನೀಲಗಿರಿಯ ಮೇಲಣ ಪ್ರಸ್ಥಭೂಮಿಯಲ್ಲಿ ಹುಟ್ಟುವ ಪೈಕಾರ ಹೊಳೆಯು ಬೆಟ್ಟವಿಳಿದ ಮೇಲೆ ಮೋಯಾರೆಂಬ ಹೆಸರನ್ನು ಪಡೆದು ಮೂಡಲ ಕಡೆಗೆ ತಿರುಗುತ್ತದೆ. ಮುಂದೆ ಅದು ಆಳವಾದ ಕಮರಿಯೊಂದರಲ್ಲಿ ಹರಿದು ಭವಾನಿಯನ್ನು ಸೇರುತ್ತದೆ. ಈ ಕಮರಿಯನ್ನು ಆಂಗ್ಲರು ಮೈಸೂರು ಕಂದಕವೆಂದು ಕರೆದರು. ಹೊಳೆಯ ಬಡಗಣ ದಡ ಇಂದು ಕರ್ನಾಟಕ, ತೆಂಕಣ ದಡ ತಮಿಳುನಾಡು. ಪಡುವಲಲ್ಲಿ ಗೂಡಲೂರಿನ ಕಡೆ ಮಳೆ ಹೆಚ್ಚು. ಅಲ್ಲಿ ತೇಗ, ಬೀಟೆ, ಮತ್ತಿ ಬೆಳೆದ ಎತ್ತರದ ಕಾಡು. ಮೂಡಲಿಗೆ ಹೋದಂತೆ ಮಳೆ ಇಳಿಯುತ್ತ ಇಳಿಯುತ್ತ, ಸಿರಿಯೂರು ಆನೆಕಟ್ಟಿಗಳ ಹೊತ್ತಿಗೆ ಮುಳ್ಳುಕುರುಚಲೇ ಉಳಿಯುತ್ತದೆ. ಒಂದು ದಿನದ ನಡಿಗೆಯೊಳಗೆ ಇಷ್ಟು ಬಗೆಯ ಕಾಡನ್ನು ಕಾಣಬಹುದಾದ ಸ್ಥಳಗಳು ವಿರಳ. ಪ್ರಾಣಿಗಳ ವೈವಿಧ್ಯಕ್ಕೂ ಇದೇ ಕಾರಣ. ತೇವದ ಕಾಡಿನಲ್ಲಿ ಕಾಟಿ ಮತ್ತು ಕೆಂದಳಿಲು. ನಡುಗಾಡಿನಲ್ಲಿ ಆನೆ, ಕಡವೆ, ಜಿಂಕೆ, ಅವುಗಳ ಬೆನ್ನು ಹತ್ತಿದ ಹುಲಿ ಮತ್ತು ಸೀಳುನಾಯಿ. ಒಣಕಾಡಿನಲ್ಲಿ ಕೃಷ್ಣಮೃಗ ಮತ್ತು ಕತ್ತೆಕಿರುಬ. ಮಳೆಯ ಈ ಏರಿಳಿತದಿಂದಲೇ ಆನೆಗಳು ವರ್ಷವಿಡೀ ಒಂದೆಡೆ ನಿಲ್ಲಲಾರವು. ಬೇಸಗೆಯಲ್ಲಿ ನೀರನ್ನರಸಿ ಹೋಗುತ್ತವೆ, ಮಳೆ ಬಿದ್ದಾಗ ಹೊಸ ಹುಲ್ಲನ್ನರಸಿ ಮರಳುತ್ತವೆ. ಅವುಗಳಿಗೆ ದಾರಿ ಬೇಕು. ಮನುಷ್ಯರು ನಡೆದದ್ದೂ ಬಹುಮಟ್ಟಿಗೆ ಅದೇ ದಾರಿಗಳಲ್ಲಿ.

ಆ ದಾರಿಗಳ ಮೊದಲ ಲಿಖಿತ ಸಾಕ್ಷಿ ನಮಗೆ ಕನ್ನಡ ಶಾಸನದಲ್ಲಿಯೇ ದೊರೆಯುವುದು ಗಮನಾರ್ಹ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನ ಚಾಮರಾಜನಗರದ ಶಾಸನ ಕ್ರಿ.ಶ. 1117ರದು. ಅವನು ತೋದರನ್ನು ಬೆದರಿಸಿ, ಕೊಂಗರನ್ನು ಅಡಗಿಸಿ, ನೀಲಾದ್ರಿಯನ್ನು ವಶಪಡಿಸಿಕೊಂಡನೆಂದು ಅದು ಹೇಳುತ್ತದೆ. ತೋದರ ಹೆಸರು ಬರವಣಿಗೆಯಲ್ಲಿ ಮೊದಲು ಕಾಣುವುದು ಇಲ್ಲಿಯೇ ಎಂಬುದು ವಿದ್ವಾಂಸರ ಅಭಿಪ್ರಾಯ. ಚಾಮರಾಜನಗರದ ಕಡೆಯಿಂದ ಬೆಟ್ಟವನ್ನೇರುವ ದಂಡು ಮೋಯಾರಿನ ಎರಡು ದಡಗಳ ಕಾಡನ್ನು ಹಾಯದೆ ಬರುವಂತಿಲ್ಲ. ಮುಂದೆ ಮೂರನೆಯ ಬಲ್ಲಾಳನ ಕಾಲದಲ್ಲಿ ತೆರಕಣಾಂಬಿಯ ಸುತ್ತಿನ ನಾಡನ್ನಾಳಿದ ದಂಡನಾಯಕರು ನೀಲಗಿರಿಯ ಹೆಸರನ್ನು ತಮ್ಮ ಬಿರುದಿನಲ್ಲಿ ಸೇರಿಸಿಕೊಂಡಿದ್ದರು. ಮೋಯಾರು ಭವಾನಿಯನ್ನು ಕೂಡುವೆಡೆಯಲ್ಲಿದ್ದ ದಣಾಯಕನಕೋಟೆ ಆ ಮನೆತನದ ನೆನಪು. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಅಲ್ಲಿಗೆ ಬಂದಿದ್ದನು. 1950ರ ದಶಕದಲ್ಲಿ ಭವಾನಿಸಾಗರದ ಅಣೆಕಟ್ಟು ಎದ್ದಾಗ ಆ ಕೋಟೆ ನೀರಿನಡಿಗೆ ಸೇರಿತು. ಬಂಡೀಪುರದ ಅಂಚಿನಲ್ಲಿರುವ ಗೋಪಾಲಸ್ವಾಮಿ ಬೆಟ್ಟದ ವೇಣುಗೋಪಾಲನ ಗುಡಿಯೂ ಹೊಯ್ಸಳರ ಕಾಲದ್ದೇ. ಆದುದರಿಂದ ಈ ಕಾಡು ಚರಿತ್ರೆಯ ಹೊರಗೆ ಉಳಿದ ಕಗ್ಗಾಡಾಗಿರಲಿಲ್ಲ. ಎರಡು ನಾಡುಗಳ ನಡುವಣ ಹಾದಿಯಾಗಿತ್ತು.

ದಂಡು ನಡೆದ ಹಾದಿಯಲ್ಲಿ ಒಕ್ಕಲೂ ನಡೆಯಿತು. ಬಡಗರ ಐತಿಹ್ಯ ಎಲ್ಲರಿಗೂ ತಿಳಿದದ್ದೇ. ಬಡಗಣ ಬಯಲಿನಲ್ಲಿ ಅಣ್ಣತಮ್ಮಂದಿರು ಬಾಳಿಕೊಂಡಿದ್ದರು. ಅವರ ತಂಗಿಯ ಮೇಲೆ ಅರಸನೊಬ್ಬನ ಕಣ್ಣು ಬಿತ್ತು. ಮಾನವನ್ನು ಉಳಿಸಿಕೊಳ್ಳಲು ಅವರು ಇರುಳಿನಲ್ಲಿ ಹೊರಟು ತುಂಬಿದ ಮೋಯಾರನ್ನು ದಾಟಿ ಬೆಟ್ಟವನ್ನೇರಿದರು. ಈ ಕಥೆಯನ್ನು ಇದ್ದುದಿದ್ದಂತೆ ಚರಿತ್ರೆಯೆಂದು ಹಿಡಿಯಬೇಕಾಗಿಲ್ಲ. ಇಂತಹ ಕಥೆಗಳನ್ನು ಹೇಳುವ ಸಮುದಾಯಗಳು ಬೇರೆಡೆಯೂ ಉಂಟು. ಆದರೆ ಇದರೊಳಗೆ ಅಲ್ಲಗಳೆಯಲಾಗದ ಎರಡು ಸಂಗತಿಗಳಿವೆ. ಒಂದು, ಬಂದ ದಿಕ್ಕು. ಎರಡು, ದಾಟಿದ ಹೊಳೆ. ಕಾಲವನ್ನು ಕುರಿತು ಒಂದು ಹೊರಗಿನ ಸಾಕ್ಷಿಯೂ ಇದೆ. 1603ರಲ್ಲಿ ಕಲ್ಲಿಕೋಟೆಯ ಕಡೆಯಿಂದ ಬೆಟ್ಟವನ್ನೇರಿದ ಫೆನಿಸಿಯೋ ಎಂಬ ಜೆಸ್ವಿಟ್ ಪಾದ್ರಿಯು ತೋದರ ಜೊತೆಗೆ ಬಡಗರನ್ನೂ ಕಂಡು ಬರೆದಿಟ್ಟನು. ಆ ಹೊತ್ತಿಗೆ ಅವರು ಇಲ್ಲಿ ಊರು ಕಟ್ಟಿಕೊಂಡಿದ್ದರು ಎಂದಾಯಿತು. ವಿಜಯನಗರದ ಪತನಾನಂತರದ ಕಳವಳದಲ್ಲಿ ಮೈಸೂರು ಸೀಮೆಯಿಂದ ಹಲವು ತಂಡಗಳಾಗಿ ಜನ ಬಂದಿರಬೇಕೆಂದು ಸಂಶೋಧಕರು ಊಹಿಸುತ್ತಾರೆ.

ಭಾಷೆಯ ಸಾಕ್ಷಿ ಇದಕ್ಕೆ ಹೊಂದುತ್ತದೆ. ಹಳಗನ್ನಡದ ಪಕಾರ ನಡುಗನ್ನಡದ ಹೊತ್ತಿಗೆ ಹಕಾರವಾಯಿತು. ಪಾಲ್ ಹೋಗಿ ಹಾಲು, ಪಟ್ಟಿ ಹೋಗಿ ಹಟ್ಟಿ ಬಂದಿತು. ಬಡಗ ನುಡಿಯಲ್ಲಿ ಈ ಹಕಾರ ನೆಲೆಸಿದೆ. ತೋದರ, ಕೋತರ ನುಡಿಗಳಲ್ಲಿ ಪಕಾರ ಹಾಗೆಯೇ ಉಳಿದಿದೆ. ಎಂದರೆ ಬಡಗರ ಹಿರಿಯರು ಬಯಲಿನ ಕನ್ನಡ ಈ ತಿರುವನ್ನು ಪಡೆದ ಮೇಲೆ ಬಂದವರು. ಹಾಗೆಂದು ಬಡಗ ನುಡಿ ಕನ್ನಡದ ಒಂದು ಮೂಲೆಮಾತು ಮಾತ್ರ ಎಂದು ತೀರ್ಮಾನಿಸಿಬಿಡುವುದೂ ಸರಿಯಲ್ಲ. 1930ರ ದಶಕದಲ್ಲಿ ಇಲ್ಲಿ ನೆಲೆಸಿ ಅಭ್ಯಾಸ ಮಾಡಿದ ಎಮೆನೊ ಅವರು ಅದರ ಸ್ವರಗಳಲ್ಲಿ ಬಯಲಿನ ಕನ್ನಡದಲ್ಲಿಲ್ಲದ ನಾಲಗೆ ಮಡಿಚುವ ಉಚ್ಚಾರಗಳನ್ನು ಗುರುತಿಸಿದರು. ಒಂದೇ ತಾಯಿಯ ಮಕ್ಕಳಲ್ಲಿ ಬೆಟ್ಟಕ್ಕೆ ಹೋದವಳು ಬೇರೆ ಮನೆ ಹೂಡಿದಳು ಎನ್ನುವುದು ನ್ಯಾಯ.

ಈ ಬಾಗಿಲಿನ ಗುರುತು ಊರ ಹೆಸರುಗಳಲ್ಲಿಯೂ ಅಂಟಿಕೊಂಡಿದೆ. ಮಸಿನಗುಡಿಯ ಗುಡಿ, ಬೊಕ್ಕಾಪುರದ ಪುರ, ಆನೆಕಟ್ಟಿಯ ಆನೆ, ಕಲ್ಹಟ್ಟಿಯ ಹಟ್ಟಿ—ಇವು ಕನ್ನಡದ ಕಿವಿಗೆ ಅಪರಿಚಿತವಲ್ಲ. ತೆಪ್ಪಕಾಡಿನ ತೆಪ್ಪ ಕನ್ನಡಕ್ಕೂ ತಮಿಳಿಗೂ ಸಮಾನ. ಮುದುಮಲೆ ಎಂಬಲ್ಲಿ ಮುದು ಎಂದರೆ ಹಳೆಯದು. ಮಲೆ ಎಂಬುದನ್ನು ಮೂರು ನಾಡಿನವರೂ ತಮ್ಮದೆನ್ನಬಹುದು. ಇಂತಹ ಹೆಸರುಗಳನ್ನು ಒಂದೇ ಭಾಷೆಯ ಆಸ್ತಿಯೆಂದು ಸಾಧಿಸಹೊರಡುವುದು ವ್ಯರ್ಥ ಶ್ರಮ. ಕನ್ನಡ, ತಮಿಳು, ಮಲಯಾಳಗಳು ಕೂಡುವ ಮೂಲೆಯಲ್ಲಿ ಹೆಸರುಗಳು ಕೂಡಿಯೇ ಹುಟ್ಟಿವೆ.

ಇನ್ನು ಕಂಪೆನಿಯ ಕಾಲಕ್ಕೆ ಬರೋಣ. 1799ರಲ್ಲಿ ಟಿಪ್ಪುವಿನ ಪತನವಾದ ಮೇಲೆ ಬೆಟ್ಟವು ಕೊಯಮತ್ತೂರಿನೊಡನೆ ಆಂಗ್ಲರಿಗೆ ಸೇರಿತು. ಮೋಯಾರಿನಾಚೆಯ ಸೀಮೆ ಮೈಸೂರು ಒಡೆಯರಿಗೆ ಉಳಿಯಿತು. ಅದುವರೆಗೆ ದಾರಿಯಾಗಿದ್ದ ಹೊಳೆ ಅಂದಿನಿಂದ ಎಲ್ಲೆಯಾಯಿತು. ಮುದುಮಲೆಯ ಕಾಡು ನಿಲಂಬೂರಿನ ತಿರುಮುಲ್ಪಾಡರ ಒಡೆತನದಲ್ಲಿತ್ತು. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಸರಕಾರವು ಮರಕ್ಕಾಗಿ ಅದನ್ನು ಗುತ್ತಿಗೆಗೆ ಹಿಡಿಯಿತು. ಹಡಗುಕಟ್ಟೆಗೆ ತೇಗ ಬೇಕು, ರೈಲುಹಾದಿಗೆ ದಿಮ್ಮಿ ಬೇಕು, ದಂಡಿನ ಪಾಳೆಯಕ್ಕೆ ತೊಲೆ ಬೇಕು. ನಿಲಂಬೂರಿನಲ್ಲಿ ಕನೋಲಿಯು 1840ರ ದಶಕದಲ್ಲಿಯೇ ತೇಗದ ತೋಪನ್ನು ನೆಡಿಸಿದ್ದನು. 1856ರಲ್ಲಿ ಕ್ಲೆಗಾರ್ನ್ ಮದರಾಸಿನ ಮೊದಲ ಅರಣ್ಯಾಧಿಕಾರಿಯಾದನು. ಕಾಡನ್ನು ಕಾಯಬೇಕೆಂಬ ಮಾತು ಹೀಗೆ ಮೊದಲು ಹುಟ್ಟಿದ್ದು ಮರದ ಚಿಂತೆಯಿಂದ. ಮೃಗದ ಚಿಂತೆ ಆಮೇಲೆ ಬಂದದ್ದು. ಉರುಳಿಸಿದ ದಿಮ್ಮಿಗಳನ್ನು ಎಳೆಯಲು ಆನೆಗಳು ಬೇಕಾದವು. ಮದರಾಸಿನವರು ಗುಂಡಿ ತೋಡಿ ಆನೆಯನ್ನು ಕೆಡವಿ ಹಿಡಿದರು. ಹೊಳೆಯಾಚೆ ಮೈಸೂರಿನಲ್ಲಿ ಸ್ಯಾಂಡರ್ಸನ್ 1870ರ ದಶಕದಲ್ಲಿ ಖೆಡ್ಡಾ ಏರ್ಪಡಿಸಿದನು. ಕಾಕನಕೋಟೆಯ ಖೆಡ್ಡಾ 1971ರವರೆಗೆ ನಡೆಯಿತು.

ಇದೇ ಕಾಲದಲ್ಲಿ ಈ ಜಿಲ್ಲೆಯ ಆಡಳಿತದ ಎಲ್ಲೆಗಳೂ ಬದಲಾದವು. ಮಲಬಾರಿಗೆ ಸೇರಿದ್ದ ಆಗ್ನೇಯ ವೈನಾಡು, ಎಂದರೆ ಗೂಡಲೂರಿನ ಸೀಮೆ, 1877ರಲ್ಲಿ ನೀಲಗಿರಿಗೆ ಸೇರಿತು. ಅದೇ 1877ರಲ್ಲಿ ಬೇಟೆಯ ಹವ್ಯಾಸವುಳ್ಳ ಆಂಗ್ಲರು ನೀಲಗಿರಿ ಬೇಟೆ ಸಂಘವನ್ನು ಕಟ್ಟಿದರು. ಎರಡು ವರ್ಷಗಳಲ್ಲಿ, 1879ರಲ್ಲಿ, ನೀಲಗಿರಿಯ ಬೇಟೆ ಮತ್ತು ಮೀನುಗಳ ರಕ್ಷಣೆಯ ಕಾನೂನು ಬಂದಿತು. ಅದಕ್ಕೂ ಮುಂಚೆ, 1873ರಲ್ಲಿ, ಕಾಡಾನೆಗಳನ್ನು ಕೊಲ್ಲುವುದನ್ನು ತಡೆಯುವ ಕಾಯಿದೆಯನ್ನು ಮದರಾಸು ಸರಕಾರ ಮಾಡಿತ್ತು. ಇವು ಭಾರತದಲ್ಲಿ ಈ ಬಗೆಯ ಮೊದಮೊದಲಿನ ಕಾನೂನುಗಳು. ಇವುಗಳ ಹಿರಿಮೆಯನ್ನು ಒಪ್ಪಿಕೊಳ್ಳುವಾಗಲೇ ಇವುಗಳ ಹುಳುಕನ್ನೂ ಹೇಳಬೇಕು. ಬಂದೂಕು ಹಿಡಿದು ಬೆಟ್ಟದ ಕಾಡುಮೇಕೆಗಳನ್ನು ಬೆರಳೆಣಿಕೆಗೆ ತಂದವರು ಯಾರೋ ಅವರೇ ಬೇಟೆಯ ಪರವಾನಿಗೆಯನ್ನು ಬರೆದರು. ಹಸಿವಿಗಾಗಿ ಬಲೆಯೊಡ್ಡುವ ಕುರುಂಬನು ಕಳ್ಳಬೇಟೆಗಾರನಾದನು. ವಿನೋದಕ್ಕಾಗಿ ಗುಂಡು ಹಾರಿಸುವ ದೊರೆಯು ರಕ್ಷಕನಾದನು. ಜಗತ್ತಿನ ಬೇರೆಡೆಗಳಲ್ಲಿಯೂ ಹೀಗೆಯೇ ಆಯಿತು. 1872ರಲ್ಲಿ ಅಮೆರಿಕೆಯಲ್ಲಿ ಯೆಲ್ಲೊಸ್ಟೋನ್ ಎಂಬ ಮೊದಲ ರಾಷ್ಟ್ರೀಯ ಉದ್ಯಾನ ಏರ್ಪಟ್ಟಾಗ ಅಲ್ಲಿಯ ಮೂಲನಿವಾಸಿಗಳಿಗೆ ಅದರೊಳಗೆ ಜಾಗವುಳಿಯಲಿಲ್ಲ.

ಅಭಯಾರಣ್ಯದ ಕಲ್ಪನೆ ನಮ್ಮ ಕಾಡಿಗೆ ಬಂದದ್ದು ಮೊದಲು ಮೈಸೂರಿನ ಕಡೆಯಿಂದ. 1931ರಲ್ಲಿ ಮೈಸೂರು ಮಹಾರಾಜರ ಸರಕಾರವು ಬಂಡೀಪುರದಲ್ಲಿ 90 ಚದರ ಕಿಲೋಮೀಟರಿನಷ್ಟು ಕಾಡನ್ನು ಮೃಗಗಳಿಗಾಗಿ ಬೇರ್ಪಡಿಸಿತು. 1941ರಲ್ಲಿ ಅದನ್ನು ಸುಮಾರು 800 ಚದರ ಕಿಲೋಮೀಟರುಗಳಿಗೆ ಹಿಗ್ಗಿಸಿ, ಗೋಪಾಲಸ್ವಾಮಿ ಬೆಟ್ಟದ ದೇವರ ಹೆಸರಿನಲ್ಲಿ ವೇಣುಗೋಪಾಲ ವನ್ಯಮೃಗೋದ್ಯಾನವೆಂದು ಕರೆದರು. ಈ ಎರಡು ವರ್ಷಗಳ ನಡುವೆ, 1936ರಲ್ಲಿ, ಹಿಮಾಲಯದ ಅಡಿಯಲ್ಲಿ ಹೇಲಿ ಉದ್ಯಾನ ಹುಟ್ಟಿತು. ಇಂದಿನ ಕಾರ್ಬೆಟ್ ಉದ್ಯಾನ ಅದೇ. 1940ರಲ್ಲಿ ಮದರಾಸು ಸರಕಾರವು ಮೋಯಾರಿನ ಈ ದಡದಲ್ಲಿ ಸುಮಾರು 60 ಚದರ ಕಿಲೋಮೀಟರುಗಳ ಮುದುಮಲೆ ಅಭಯಾರಣ್ಯವನ್ನು ಸ್ಥಾಪಿಸಿತು. 1956ರಲ್ಲಿ ಅದು 295 ಚದರ ಕಿಲೋಮೀಟರುಗಳಿಗೂ ಮುಂದೆ 321ಕ್ಕೂ ಬೆಳೆಯಿತು. ಒಂದೇ ಕಾಡಿನ ಎರಡು ಮಗ್ಗುಲುಗಳು ಎರಡು ಸರಕಾರಗಳಿಂದ ಒಂಬತ್ತು ವರ್ಷಗಳ ಅಂತರದಲ್ಲಿ ಅಭಯವನ್ನು ಪಡೆದವು ಎಂಬುದನ್ನು ನೆನಪಿಡಬೇಕು.

1956ರ ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರಿಗೆ ಹೋಯಿತು. ವೈನಾಡು ಕೇರಳಕ್ಕೆ ಸೇರಿತು. ನೀಲಗಿರಿ ಮದರಾಸಿನಲ್ಲಿ ಉಳಿಯಿತು. ಹೀಗೆ ಒಂದು ಕಾಡು ಮೂರು ರಾಜ್ಯಗಳ ಕಾಡಾಯಿತು. ಮನುಷ್ಯರು ಭಾಷೆಯ ಲೆಕ್ಕದಿಂದ ಹಂಚಿಕೊಂಡರು. ಆನೆಗಳಿಗೆ ಅದು ತಿಳಿಯಲಿಲ್ಲ. ಕಾಡು ಒಂದೇ ಎಂಬುದನ್ನು ಮೊದಲು ಸಾರಿದ್ದು ರೋಗ. 1968ರಲ್ಲಿ ದೊಡ್ಡರೋಗವು ಮುದುಮಲೆ ಬಂಡೀಪುರಗಳೆರಡರಲ್ಲೂ ಹಬ್ಬಿ ಕಾಟಿಗಳ ಹಿಂಡುಗಳನ್ನೇ ಒರಸಿಹಾಕಿತು. ಊರ ದನಗಳಿಂದ ಕಾಡಿನ ದನಗಳಿಗೆ ತಾಗುವ ಜಾಡ್ಯವದು; ಅದಕ್ಕೆ ಗಡಿಯ ಠಾಣೆ ಅಡ್ಡ ಬರಲಿಲ್ಲ. ಕಾಟಿಗಳು ಮತ್ತೆ ತುಂಬಿಕೊಳ್ಳಲು ಬಹುಕಾಲ ಹಿಡಿಯಿತು. ದನಗಳಿಗೆ ಲಸಿಕೆ ಹಾಕುವ ಕೆಲಸ ದಶಕಗಟ್ಟಲೆ ನಡೆದು, 2011ರಲ್ಲಿ ಆ ರೋಗವು ಜಗತ್ತಿನಿಂದಲೇ ತೊಲಗಿತೆಂದು ಘೋಷಿಸಲಾಯಿತು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇಲೆ ಕ್ರಮಗಳು ಒಂದರ ಹಿಂದೊಂದು ಬಂದವು. 1973ರಲ್ಲಿ ಹುಲಿ ಯೋಜನೆಯ ಮೊದಲ ಒಂಬತ್ತು ತಾಣಗಳಲ್ಲಿ ಬಂಡೀಪುರ ಸೇರಿತು. 1986ರಲ್ಲಿ ಮೂರು ರಾಜ್ಯಗಳ 5520 ಚದರ ಕಿಲೋಮೀಟರುಗಳನ್ನೊಳಗೊಂಡ ನೀಲಗಿರಿ ಜೀವಗೋಲ ರಕ್ಷಿತ ಪ್ರದೇಶ ಏರ್ಪಟ್ಟಿತು. ದೇಶದಲ್ಲಿ ಅದು ಮೊದಲನೆಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1980ರ ದಶಕದ ಕೊನೆಯಲ್ಲಿ ಮುದುಮಲೆಯ 50 ಹೆಕ್ಟೇರು ಕಾಡಿನಲ್ಲಿ ಒಂದೊಂದು ಮರವನ್ನೂ ಗುರುತಿಸಿ, ಅವುಗಳ ಹುಟ್ಟು, ಬೆಳವಣಿಗೆ, ಸಾವುಗಳನ್ನು ಬರೆದಿಡತೊಡಗಿದರು. 2007ರಲ್ಲಿ ಮುದುಮಲೆ ಹುಲಿಗಳ ರಕ್ಷಿತ ಪ್ರದೇಶವಾಯಿತು. ಸೀಗೂರಿನ ಬಯಲನ್ನು ಅಂಚಿನ ವಲಯವಾಗಿ 2010ರಲ್ಲಿ ಸೇರಿಸಿದ ಮೇಲೆ ಅದರ ಒಟ್ಟು ವಿಸ್ತಾರ ಸುಮಾರು 688 ಚದರ ಕಿಲೋಮೀಟರು.

ಇದರಿಂದ ಆದ ಒಳಿತು ಸಣ್ಣದಲ್ಲ. ಬೇರೆಡೆ ಕಣ್ಮರೆಯಾದ ರಣಹದ್ದುಗಳು ಮೋಯಾರಿನ ಕಣಿವೆಯಲ್ಲಿ ಹೊಳೆಮತ್ತಿಯ ಮರಗಳ ಮೇಲೆ ಇಂದಿಗೂ ಗೂಡು ಕಟ್ಟುತ್ತವೆ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧವೇ ಅವುಗಳಿಗೆ ವಿಷವಾಗುತ್ತಿತ್ತೆಂದು ತಿಳಿದು, 2006ರಲ್ಲಿ ಪಶುವೈದ್ಯದಲ್ಲಿ ಅದನ್ನು ನಿಷೇಧಿಸಲಾಯಿತು. ಆದರೆ ಕಷ್ಟಗಳೂ ಇವೆ. ಲಂಟಾನದ ಪೊದೆ ಕಾಡಿನ ನೆಲವನ್ನೆಲ್ಲ ಆವರಿಸಿ ಹುಲ್ಲನ್ನು ಅಡಗಿಸಿದೆ. 1930ರ ದಶಕದಿಂದ ಪೈಕಾರ, ಸಿಂಗಾರ, ಮೋಯಾರುಗಳಲ್ಲಿ ಎದ್ದ ವಿದ್ಯುತ್ ಯೋಜನೆಗಳು ನಾಡಿಗೆ ಬೆಳಕನ್ನು ಕೊಟ್ಟವು. ಅವುಗಳ ಕಾಲುವೆಗಳೂ ಕೊಳವೆಗಳೂ ಆನೆಯ ದಾರಿಗಳನ್ನು ಅಡ್ಡಗಟ್ಟಿದವು. ಆಮೇಲೆ ಬಂದವು ಪ್ರವಾಸಿಗಳ ಬಿಡಾರಗಳು. ಸೀಗೂರಿನಲ್ಲಿ ಆನೆಯ ದಾರಿಯನ್ನು ತೆರವು ಮಾಡಬೇಕೆಂಬ ಆಜ್ಞೆಯನ್ನು 2020ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿಯಿತು. 2021ರ ಜನವರಿಯಲ್ಲಿ ಮಸಿನಗುಡಿಯ ಬಳಿ ಉರಿಯುವ ಟಯರನ್ನು ಎಸೆದುದರಿಂದ ಗಾಯಗೊಂಡ ಆನೆಯೊಂದು ಸತ್ತಿತು. ಅದೇ ವರ್ಷದ ಅಕ್ಟೋಬರಿನಲ್ಲಿ, ಜನರನ್ನು ಕೊಂದಿತೆಂದು ಹೇಳಲಾದ ಹುಲಿಯೊಂದನ್ನು ಬಹುದಿನ ಹುಡುಕಿ ಜೀವಸಹಿತ ಹಿಡಿದು ಮೈಸೂರಿಗೆ ಸಾಗಿಸಿದರು. ಆನೆಯನ್ನು ಸುಟ್ಟ ಕೈಯೂ ಮನುಷ್ಯನದೇ, ಹುಲಿಗೆ ಬಲಿಯಾದವರ ಮನೆಯ ಗೋಳೂ ಮನುಷ್ಯರದೇ. ಈ ಎರಡನ್ನೂ ಒಟ್ಟಿಗೆ ನೆನೆಯದ ಮಾತು ಅರ್ಧ ಮಾತು.

ಇಲ್ಲಿ ಬೇಟೆಗಾರ ಮತ್ತು ಪ್ರವಾಸಿ ಇಬ್ಬರಿಗಿಂತಲೂ ಹಳಬರಾದ ಜನರನ್ನು ಮರೆಯಬಾರದು. ಬೆಟ್ಟಕುರುಂಬರು, ಕಾಟ್ಟುನಾಯಕರು, ಇರುಳರು, ಪಣಿಯರು ಈ ಕಾಡಿನೊಳಗೆ ಬಾಳಿದವರು. ಚೆಟ್ಟಿಯರು ಅದರ ತಗ್ಗಿನ ಗದ್ದೆಗಳಲ್ಲಿ ಭತ್ತ ಬೆಳೆದವರು. ತೆಪ್ಪಕಾಡಿನ ಆನೆ ಬಿಡಾರದ ಮಾವುತರು, ಕಾವಾಡಿಗಳು ಬಹುಮಂದಿ ಈ ಕುಲಗಳವರೇ. ತಾಯಿಯನ್ನು ಕಳೆದುಕೊಂಡ ಆನೆಮರಿಗಳನ್ನು ಸಾಕಿದ ಬೊಮ್ಮನ್ ಮತ್ತು ಬೆಳ್ಳಿ ದಂಪತಿಗಳನ್ನು ಕುರಿತ ಸಾಕ್ಷ್ಯಚಿತ್ರಕ್ಕೆ 2023ರಲ್ಲಿ ಆಸ್ಕರ್ ಬಹುಮಾನ ಬಂದಾಗ ಜಗತ್ತೇ ತೆಪ್ಪಕಾಡಿನ ಕಡೆಗೆ ತಿರುಗಿ ನೋಡಿತು. ಬೊಮ್ಮ, ಬೆಳ್ಳಿ—ಈ ಹೆಸರುಗಳು ಕನ್ನಡಕ್ಕೆ ಎಷ್ಟು ಹತ್ತಿರವೆಂಬುದನ್ನು ಹೇಳಬೇಕಾಗಿಲ್ಲ. ಇಂತಹವರ ಬಂಧುಗಳಲ್ಲಿ ಹಲವರು ಕಾಡಿನೊಳಗಣ ಊರುಗಳನ್ನು ಬಿಟ್ಟು ಹೊರಗೆ ನೆಲೆಸಬೇಕಾಯಿತು. ಶಾಲೆ, ಆಸ್ಪತ್ರೆ, ದಾರಿ ಬೇಕೆಂದು ತಾವಾಗಿ ಬಯಸಿ ಹೊರಟವರೂ ಉಂಟು. ಹಿರಿಯರನ್ನು ಮಣ್ಣು ಮಾಡಿದ ನೆಲವನ್ನು ಬಿಡಲೊಲ್ಲೆವೆಂದವರೂ ಉಂಟು. 2006ರ ಅರಣ್ಯ ಹಕ್ಕುಗಳ ಕಾಯಿದೆ ಇವರ ಹಕ್ಕನ್ನು ಒಪ್ಪುತ್ತದೆ. ಕಾಡಿಗೆ ಮನುಷ್ಯನೇ ಶತ್ರುವೆಂಬ ಮಾತು ಇವರ ಮುಂದೆ ನಿಲ್ಲಲಾರದು. ಬಿಡಾರ ಕಟ್ಟಿ ದುಡ್ಡು ಮಾಡಲು ಬಂದವನನ್ನೂ ತಲೆಮಾರುಗಳಿಂದ ಜೇನು ಇಳಿಸಿದವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲವೆಂದು ಈ ಲೇಖಕನ ಮತ. ಆದರೆ ಆನೆ ನಡೆಯುವ ದಾರಿ ಇಕ್ಕಟ್ಟಾದ ಕಡೆ ಅದಕ್ಕೆ ಎಡೆ ಬಿಡಲೇಬೇಕೆಂಬುದರಲ್ಲಿಯೂ ಸಂಶಯವಿಲ್ಲ. ಬಂಡೀಪುರದ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ವಾಹನಗಳನ್ನು ತಡೆದಿರುವುದರಿಂದ ನಮಗೆ ಆಗುವ ತೊಂದರೆ ಕೆಲವು ಗಂಟೆಗಳದು. ಮೃಗಗಳಿಗೆ ಅದು ಜೀವದ ಪ್ರಶ್ನೆ.

ಉಪಾಧ್ಯಾಯರಿಗೆ ಇದರಲ್ಲಿ ಏನು ಕೆಲಸವೆಂದು ಕೇಳಬಹುದು. ಮೃಗಗಳನ್ನು ಎಣಿಸುವವರಿದ್ದಾರೆ, ಮರಗಳನ್ನು ಅಳೆಯುವವರಿದ್ದಾರೆ. ಕಾಡಿನ ಹೆಸರುಗಳನ್ನು ಕೂಡಿಡುವವರು ಸಾಲದು. ಒಂದೊಂದು ಹಳ್ಳಕ್ಕೂ ಮಡುವಿಗೂ ಬಂಡೆಗೂ ಹಳಬರಲ್ಲಿ ಹೆಸರುಂಟು. ಅವರು ಹೊರಗೆ ಬಂದಂತೆ, ಅವರ ಮಕ್ಕಳು ಬೇರೆ ನುಡಿಯಲ್ಲಿ ಓದಿದಂತೆ, ಆ ಹೆಸರುಗಳು ಅಳಿಯುತ್ತವೆ. ಹೆಸರು ಅಳಿದ ಮೇಲೆ ಅಲ್ಲಿ ಜನರಿದ್ದರೆಂಬುದಕ್ಕೆ ಸಾಕ್ಷಿಯೂ ಅಳಿಯುತ್ತದೆ. ಕೆತ್ತಿ, ಮಸಿನಗುಡಿ, ಗೂಡಲೂರುಗಳ ಶಾಲೆಗಳಲ್ಲಿರುವ ನಾವು ನಮ್ಮ ವಿದ್ಯಾರ್ಥಿಗಳ ಅಜ್ಜ ಅಜ್ಜಿಯರನ್ನು ಕೇಳಿ, ಅವರು ಹೇಳಿದ ಉಚ್ಚಾರದಲ್ಲಿಯೇ, ಯಾವ ಭಾಷೆಯ ಪಕ್ಷವನ್ನೂ ವಹಿಸದೆ, ಇವನ್ನು ಬರೆದಿಡಬಹುದು. ಕಾಡಂಚಿನ ಹೊಲದಲ್ಲಿ ವೀರಗಲ್ಲಾಗಲಿ ಅಕ್ಷರವುಳ್ಳ ಕಲ್ಲಾಗಲಿ ಕಂಡರೆ ಇದ್ದಲ್ಲಿಯೇ ಅದರ ಪ್ರತಿಯನ್ನು ತೆಗೆದಿಡಬಹುದು. ಬೊಕ್ಕಾಪುರದ ಮಾರಿಯಮ್ಮನ ಜಾತ್ರೆಗೆ ಬರುವವರಲ್ಲಿ ಹಾದಿಗಳ ನೆನಪುಳ್ಳ ಹಿರಿಯರು ಇನ್ನೂ ಇರಬಹುದು. ಒಂದು ನೋಟುಪುಸ್ತಕ, ಒಂದು ಸೀಸದಕಡ್ಡಿ ಇದ್ದರೆ ಈ ಕೆಲಸಕ್ಕೆ ಸಾಕು.

ಬಡಗಣ ಕಾಡು ನಮ್ಮ ಹಿರಿಯರಿಗೆ ಕಷ್ಟಕಾಲದಲ್ಲಿ ಬಾಗಿಲು ತೆರೆದುಕೊಟ್ಟಿತು. ಅಂದು ಓಡಿಬಂದವರು ಅವರು. ಎಡೆ ಕೊಟ್ಟದ್ದು ಕಾಡು. ಇಂದು ಓಡಾಡಲು ಎಡೆ ಕೇಳುತ್ತಿರುವುದು ಆನೆ, ಕೊಡಬೇಕಾದವರು ನಾವು. ಈ ಹಳೆಯ ಋಣವನ್ನು ನಮ್ಮ ಮಕ್ಕಳಿಗೆ ಪಾಠದಲ್ಲಿ ಹೇಳಿಕೊಟ್ಟರೆ ಕಾನೂನು ಮಾಡಲಾರದ ಕೆಲಸವನ್ನು ಶಾಲೆ ಮಾಡಿದಂತಾಗುತ್ತದೆ.